ಪ್ರಾಜೆಕ್ಟ್ ಮ್ಯಾನೇಜರ್: ಹುದ್ದೆಯ ಹೊಣೆಯೇನು, ಬೇಕಾದ ಕೌಶಲವೇನು?

'ಪ್ರಾಜೆಕ್ಟ್ ಮ್ಯಾನೇಜರ್ ಬೇಕಾಗಿದ್ದಾರೆ' ಎಂಬ ಸಾಲು ಉದ್ಯೋಗ ಜಾಹೀರಾತುಗಳಲ್ಲಿ ಸಾಮಾನ್ಯವಾಗಿದೆ. ಸಾಫ್ಟ್‌ವೇರ್ ಕಂಪನಿಗಳು, ಕಟ್ಟಡ ನಿರ್ಮಾಣ ಸಂಸ್ಥೆಗಳು, ಔಷಧ ತಯಾರಕರು, ಸ್ವಯಂಸೇವಾ ಸಂಸ್ಥೆಗಳು ಎಲ್ಲವೂ ಈ ಹೆಸರಿನ ಹುದ್ದೆಯನ್ನು ಹೊಂದಿವೆ. ಆದರೆ ಈ ಹುದ್ದೆಯಲ್ಲಿರುವವರು ದಿನವಿಡೀ ಮಾಡುವುದೇನೆಂದು ವಿಚಾರಿಸಿದರೆ ಸ್ಪಷ್ಟ ಉತ್ತರ ದೊರೆಯುವುದು ಕಷ್ಟ. ವಿನ್ಯಾಸಕಾರ ತನ್ನ ನಕ್ಷೆಯನ್ನು ತೋರಿಸಬಲ್ಲ, ಗಾರೆ ಕೆಲಸದವನು ತಾನು ಕಟ್ಟಿದ ಗೋಡೆಯನ್ನು ತೋರಿಸಬಲ್ಲ. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಮಾತ್ರ ಇದು ನನ್ನದೆಂದು ತೋರಿಸಲು ವೇಳಾಪಟ್ಟಿಯ ಹಾಳೆಯ ಹೊರತು ಹೆಚ್ಚೇನೂ ಇರುವುದಿಲ್ಲ. ಈ ಕಾರಣದಿಂದಲೇ ಹುದ್ದೆಯ ಬಗ್ಗೆ ತಪ್ಪು ಕಲ್ಪನೆಗಳು ಹುಟ್ಟಿಕೊಂಡಿವೆ. ಕೆಲವರ ದೃಷ್ಟಿಯಲ್ಲಿ ಇದು ಮೇಸ್ತ್ರಿಗಿರಿಯ ಆಧುನಿಕ ರೂಪ. ಇನ್ನು ಕೆಲವರ ಪಾಲಿಗೆ ಸಭೆಗಳನ್ನು ಕರೆಯುವ ಉದ್ಯೋಗ.

ಮೊದಲು 'ಪ್ರಾಜೆಕ್ಟ್' ಎಂದರೇನೆಂದು ನೋಡೋಣ. ಆರಂಭ ಮತ್ತು ಅಂತ್ಯ ನಿಗದಿಯಾಗಿರುವ, ಒಮ್ಮೆ ಮಾತ್ರ ಮಾಡುವ ಕೆಲಸವೇ ಪ್ರಾಜೆಕ್ಟ್ ಅಥವಾ ಯೋಜನೆ. ಪ್ರತಿನಿತ್ಯ ರೈಲು ಓಡಿಸುವುದು ಯೋಜನೆಯಲ್ಲ, ಅದು ನಿರ್ವಹಣೆ. ಇಲ್ಲದಿದ್ದ ಕಡೆ ರೈಲುಮಾರ್ಗವನ್ನು ನಿರ್ಮಿಸುವುದು ಯೋಜನೆ. ನಿರ್ವಹಣೆಯಲ್ಲಿ ನಿನ್ನೆಯ ತಪ್ಪನ್ನು ಇಂದು ತಿದ್ದಿಕೊಳ್ಳಬಹುದು. ಯೋಜನೆಯಲ್ಲಿ ಆ ಅವಕಾಶ ಕಡಿಮೆ, ಏಕೆಂದರೆ ಅದೇ ಕೆಲಸ ಮತ್ತೆ ಬರುವುದಿಲ್ಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಆರಿಸಿಕೊಂಡ ಎರಡೂ ಉದಾಹರಣೆಗಳು ಶಾಸ್ತ್ರೀಯ ಅರ್ಥದಲ್ಲಿಯೇ ಯೋಜನೆಗಳೆಂಬುದು ಗಮನಾರ್ಹ.

ದೊಡ್ಡ ಕೆಲಸವಲ್ಲ, ತಡೆಯುವ ಕೆಲಸ

ಮನೆಯ ಉದಾಹರಣೆಯನ್ನೇ ಮುಂದುವರಿಸಬಹುದು. ಕರಾವಳಿಯಲ್ಲೊಬ್ಬರು ಜನವರಿ ಮೊದಲ ದಿನ ಮನೆ ಕೆಲಸ ಆರಂಭಿಸಿದರೆಂದು ಭಾವಿಸೋಣ. ಜೂನ್ ಮಳೆಗೆ ಮುನ್ನ ತಾರಸಿ ಆಗಲೇಬೇಕು. ಅಡಿಪಾಯಕ್ಕೆ 30 ದಿನ, ಗೋಡೆಗೆ 45 ದಿನ, ಸೆಂಟ್ರಿಂಗ್ ಹಾಗೂ ಕಬ್ಬಿಣ ಕಟ್ಟಲು 15 ದಿನ, ಕಾಂಕ್ರೀಟ್ ಹಾಕಿ ನೀರುಣಿಸಿ ಕಾಯಲು 20 ದಿನ. ಒಟ್ಟು 110 ದಿನ. ಒಂದು ಮುಗಿಯದೆ ಇನ್ನೊಂದು ಆರಂಭವಾಗದ ಈ ಸರಪಳಿಯಲ್ಲಿ ಯಾವುದೇ ಕೆಲಸ ಒಂದು ದಿನ ತಡವಾದರೆ ಇಡೀ ಮನೆಯೇ ಒಂದು ದಿನ ತಡವಾಗುತ್ತದೆ. ಇತ್ತ ಬಡಗಿಗೆ ಕಿಟಕಿ ಬಾಗಿಲುಗಳ ಹಲಗೆ ಸಿದ್ಧಪಡಿಸಲು 40 ದಿನ ಬೇಕು. ಅವು ಬೇಕಾಗುವುದು ತಾರಸಿಯ ನಂತರವೇ. ಆದ್ದರಿಂದ ಆತ 70 ದಿನ ತಡವಾಗಿ ಆರಂಭಿಸಿದರೂ ಮನೆಗೆ ತೊಂದರೆಯಿಲ್ಲ.

ಆದರೆ ತಾರಸಿಯೊಳಗೆ ವಿದ್ಯುತ್ ಪೈಪ್ ಹಾಸುವ ಅರ್ಧ ದಿನದ ಕೆಲಸವೊಂದಿದೆ. ಕಾಂಕ್ರೀಟ್ ಹಾಕುವ ಮೊದಲು ಅದು ಮುಗಿಯಬೇಕು. ಎಲೆಕ್ಟ್ರಿಷಿಯನ್ ಅಂದು ಬೇರೆ ಮದುವೆಮನೆಯ ದೀಪಾಲಂಕಾರಕ್ಕೆ ಹೋದರೆ ಕಾಂಕ್ರೀಟ್ ಯಂತ್ರ, ಹತ್ತಾರು ಕೂಲಿಯಾಳುಗಳು, ಸಿಮೆಂಟು ಎಲ್ಲವೂ ಕಾಯುತ್ತವೆ. ಖರ್ಚಿನ ಲೆಕ್ಕದಲ್ಲಿ ಬಡಗಿಯ ಕೆಲಸ ದೊಡ್ಡದು, ಪೈಪಿನ ಕೆಲಸ ಚಿಕ್ಕದು. ದಿನದ ಲೆಕ್ಕದಲ್ಲಿ ಅದು ತಿರುವುಮುರುವು. ಈ ವ್ಯತ್ಯಾಸವನ್ನು ಕಾಣಬಲ್ಲವನೇ ಪ್ರಾಜೆಕ್ಟ್ ಮ್ಯಾನೇಜರ್. ಈ ಲೆಕ್ಕವನ್ನು 'ಕ್ರಿಟಿಕಲ್ ಪಾತ್' ಎನ್ನುತ್ತಾರೆ. 1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಡ್ಯುಪಾಂಟ್ ರಾಸಾಯನಿಕ ಕಂಪನಿಯಲ್ಲಿ ಇದು ರೂಪುಗೊಂಡಿತು. ಬಹುತೇಕ ಅದೇ ಸಮಯದಲ್ಲಿ ಅಲ್ಲಿನ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 'ಪರ್ಟ್' ಎಂಬ ಇಂತಹದೇ ವಿಧಾನವನ್ನು ಸಿದ್ಧಪಡಿಸಿತು. ವೇಳಾಪಟ್ಟಿ ರೂಪಿಸುವ ಇಂದಿನ ಅನೇಕ ತಂತ್ರಾಂಶಗಳು ಇವುಗಳನ್ನೇ ಆಧರಿಸಿವೆ.

ಕೊಂಕಣ ರೈಲ್ವೆ: ಕಣ್ಣೆದುರಿನ ನಿದರ್ಶನ

ಈ ಹುದ್ದೆಯ ಹೊಣೆಯನ್ನು ಅರಿಯಲು ಕನ್ನಡ ಕರಾವಳಿಯ ಓದುಗರು ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗಿನ 760 ಕಿ.ಮೀ. ಕೊಂಕಣ ರೈಲುಮಾರ್ಗವೇ ಉತ್ತಮ ಪಠ್ಯಪುಸ್ತಕ. ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರ ಜುಲೈನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. ರೈಲ್ವೆ ಸಚಿವಾಲಯ ಶೇ 51, ಮಹಾರಾಷ್ಟ್ರ ಶೇ 22, ಕರ್ನಾಟಕ ಶೇ 15, ಗೋವಾ ಮತ್ತು ಕೇರಳ ತಲಾ ಶೇ 6ರಷ್ಟು ಪಾಲು ವಹಿಸಿದವು. ರೈಲ್ವೆ ಸೇವೆಯಿಂದ ನಿವೃತ್ತರಾಗಿದ್ದ ಇ. ಶ್ರೀಧರನ್ ಅಧ್ಯಕ್ಷ ಹಾಗೂ ವ್ಯವಸ್ಥಾಪಕ ನಿರ್ದೇಶಕರಾದರು.

ಕೆಲಸದ ಗಾತ್ರ ಹೀಗಿತ್ತು: 90ಕ್ಕೂ ಹೆಚ್ಚು ಸುರಂಗಗಳು, ದೊಡ್ಡವೂ ಚಿಕ್ಕವೂ ಸೇರಿ ಸುಮಾರು 2,000 ಸೇತುವೆಗಳು, 40 ಸಾವಿರಕ್ಕೂ ಹೆಚ್ಚು ಭೂಮಾಲೀಕರಿಂದ ಜಮೀನು. ಹೊನ್ನಾವರದಲ್ಲಿ ಶರಾವತಿಗೆ ಅಡ್ಡಲಾಗಿ ಎರಡು ಕಿ.ಮೀ.ಗೂ ಉದ್ದದ ಸೇತುವೆ, ರತ್ನಾಗಿರಿ ಬಳಿ ಆರೂವರೆ ಕಿ.ಮೀ. ಉದ್ದದ ಕರ್ಬುಡೆ ಸುರಂಗ. ನಿಗದಿಯಾದ ಅವಧಿ ಕೇವಲ ಐದು ವರ್ಷ.

ಇಂತಹ ಕೆಲಸವನ್ನು ಒಬ್ಬರು ಒಂದೇ ಕಡೆ ಕುಳಿತು ನಡೆಸಲಾಗದು. ಮಾರ್ಗವನ್ನು ತಲಾ ಸುಮಾರು 100 ಕಿ.ಮೀ.ಯ ಏಳು ವಿಭಾಗಗಳನ್ನಾಗಿ ಮಾಡಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಇಂಜಿನಿಯರನ್ನು ನೇಮಿಸಲಾಯಿತು. ಕಾರವಾರ ಮತ್ತು ಉಡುಪಿ ಅವುಗಳಲ್ಲಿ ಎರಡು. ನಿರ್ಧಾರಗಳು ಸ್ಥಳದಲ್ಲಿಯೇ ಆಗಬೇಕೆಂಬುದು ಇದರ ಉದ್ದೇಶ. ಗುತ್ತಿಗೆದಾರರ ಬಿಲ್ಲಿನ ಬಹುಭಾಗವನ್ನು ತಿಂಗಳುಗಟ್ಟಲೆ ತಡೆಹಿಡಿಯದೆ ತ್ವರಿತವಾಗಿ ಪಾವತಿಸುವ ಪದ್ಧತಿ ಜಾರಿಗೆ ಬಂತು. ಸರ್ಕಾರಿ ಕಾಮಗಾರಿಗಳ ಬಿಲ್ ವಿಳಂಬವನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಗುರಿಗೆ ಉಳಿದ ದಿನಗಳನ್ನು ತೋರಿಸುವ ಗಡಿಯಾರಗಳನ್ನು ಕಚೇರಿಗಳಲ್ಲಿ ತೂಗುಹಾಕಲಾಯಿತು. ಸಂಪೂರ್ಣ ಮಾರ್ಗಕ್ಕಾಗಿ ಕಾಯದೆ, ಸಿದ್ಧವಾದ ಭಾಗಗಳಲ್ಲಿ ರೈಲು ಓಡಿಸಲಾಯಿತು. ಮಂಗಳೂರು-ಉಡುಪಿ ನಡುವೆ 1993ರ ಮಾರ್ಚ್‌ನಲ್ಲಿಯೇ ಪ್ರಯಾಣಿಕ ರೈಲು ಸಂಚರಿಸಿತು.

ಹಾಗಿದ್ದರೂ ಗುರಿ ತಪ್ಪಿತು. ಈ ಭಾಗವನ್ನು ಯಶೋಗಾಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹುದ್ದೆಯನ್ನು ಅರಿಯಬಯಸುವವರಿಗೆ ಅದೇ ಮುಖ್ಯ. ಗೋವಾದಲ್ಲಿ ಖಜಾನ್ ಗದ್ದೆಗಳು, ಜೌಗುಪ್ರದೇಶ ಹಾಗೂ ಹಳೆ ಗೋವಾದ ಸ್ಮಾರಕಗಳಿಗೆ ಹಾನಿಯಾಗುತ್ತದೆಂದು ಮಾರ್ಗಬದಲಾವಣೆಗಾಗಿ ಚಳವಳಿ ನಡೆಯಿತು. 1993ರಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಕೆಲಸವನ್ನು ಸ್ಥಗಿತಗೊಳಿಸಿ ಓಝಾ ಆಯೋಗವನ್ನು ನೇಮಿಸಿತು. ನಕ್ಷೆ ಸಿದ್ಧವಾದ ಮೇಲೆ ಜನರಿಗೆ ತಿಳಿಸುವುದಕ್ಕೂ, ನಕ್ಷೆ ಬರೆಯುವ ಮುನ್ನ ಅವರನ್ನು ಕೇಳುವುದಕ್ಕೂ ಎಷ್ಟು ಅಂತರವಿದೆಯೆಂಬುದು ಇಂತಹ ಸಂದರ್ಭಗಳಲ್ಲಿ ಗೊತ್ತಾಗುತ್ತದೆ.

ಎರಡನೆಯ ಅಡ್ಡಿ ಮಣ್ಣಿನದು. ಗಟ್ಟಿ ಬಂಡೆಯ ಸುರಂಗಗಳನ್ನು ಆಮದು ಮಾಡಿಕೊಂಡ ಯಂತ್ರಗಳು ವೇಗವಾಗಿ ಕೊರೆದವು. ಮೆದುಮಣ್ಣಿನ ಒಂಬತ್ತು ಸುರಂಗಗಳಲ್ಲಿ ಮಾತ್ರ ಅಗೆದಷ್ಟೂ ನೀರುಗೂಡಿದ ಮಣ್ಣು ಕುಸಿಯಿತು. ಬಹುತೇಕ ಕೈಯಿಂದಲೇ, ಇಂಚಿಂಚಾಗಿ ಅಗೆಯಬೇಕಾಯಿತು. ಗೋವಾದ ಪೆರ್ನೆಂ ಬಳಿಯ ಸುಮಾರು ಒಂದೂವರೆ ಕಿ.ಮೀ. ಸುರಂಗವೇ ಕೊನೆಗೆ ಉಳಿಯಿತು. ಉಳಿದೆಲ್ಲ ಕಡೆ ಹಳಿ ಸಿದ್ಧವಿದ್ದರೂ ಈ ಒಂದೂವರೆ ಕಿ.ಮೀ.ಗಾಗಿ 760 ಕಿ.ಮೀ. ಕಾಯಿತು. ಮನೆಯ ತಾರಸಿ, ಅರ್ಧ ದಿನದ ಪೈಪಿನ ಲೆಕ್ಕವೇ ಇಲ್ಲಿಯೂ ಇರುವುದನ್ನು ಗಮನಿಸಬಹುದು. 1994ರಲ್ಲಿ ಮುಗಿಯಬೇಕಿದ್ದ ಮಾರ್ಗದಲ್ಲಿ ಆದ್ಯಂತ ಪ್ರಯಾಣಿಕ ರೈಲು ಓಡಿದ್ದು 1998ರ ಜನವರಿ 26ರಂದು. ನಿರ್ಮಾಣದ ಅವಧಿಯಲ್ಲಿ ಒಟ್ಟು 74 ಮಂದಿ ಪ್ರಾಣ ತೆತ್ತರು.

ಮೂರನೆಯ ಸಂಗತಿ ಮಾರ್ಗ ಮುಗಿದ ಮೇಲಿನದು. 2003ರ ಜೂನ್ 22ರಂದು ವೈಭವವಾಡಿ ಬಳಿ ಗುಡ್ಡದಿಂದ ಜರಿದ ಬಂಡೆ-ಮಣ್ಣಿಗೆ ಸಿಲುಕಿ ಕಾರವಾರ-ಮುಂಬಯಿ ವಿಶೇಷ ರೈಲು ಹಳಿ ತಪ್ಪಿ 50ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮರುವರ್ಷ ಜೂನ್‌ನಲ್ಲಿಯೇ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಬಂಡೆಗೆ ಬಡಿದು ಮತ್ತೆ ಸಾವುಗಳು ಸಂಭವಿಸಿದವು. ನಂತರ ಗುಡ್ಡಗಳ ಇಳಿಜಾರು ಸಡಿಲಿಸುವುದು, ಉಕ್ಕಿನ ಬಲೆ ಹೊದಿಸುವುದು, ಗಸ್ತು ಹೆಚ್ಚಿಸುವುದು ನಡೆಯಿತು. ಕರಾವಳಿಯ ಪ್ರಯಾಣಿಕರಿಗೆ ಚಿರಪರಿಚಿತವಾದ ಮಳೆಗಾಲದ ವೇಳಾಪಟ್ಟಿ, ಕಡಿಮೆ ವೇಗ ಇವೆಲ್ಲ ಇದೇ ಅಪಾಯಕ್ಕೆ ಕಟ್ಟುವ ಬೆಲೆ. ಯೋಜನೆಯನ್ನು ಅಳೆಯಲು ಕೆಲಸದ ವ್ಯಾಪ್ತಿ, ಸಮಯ, ವೆಚ್ಚ ಎಂಬ ಮೂರು ಮಾನದಂಡಗಳನ್ನು ಪಠ್ಯಗಳು ಹೇಳುತ್ತವೆ. ಹಸ್ತಾಂತರದ ನಂತರ ಹತ್ತಾರು ಮಳೆಗಾಲಗಳನ್ನು ಅದು ತಾಳುವುದೇ ಎಂಬ ಪ್ರಶ್ನೆ ಆ ಮೂರರಲ್ಲಿ ಸುಲಭವಾಗಿ ಅಡಗಿಹೋಗುತ್ತದೆ. ಅಪಾಯಗಳ ಪಟ್ಟಿಯನ್ನು ಮೊದಲ ದಿನವೇ ಬರೆದು, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರನನ್ನು ಗೊತ್ತುಮಾಡಿ, ತಿಂಗಳಿಗೊಮ್ಮೆಯಾದರೂ ತೆರೆದು ನೋಡುವುದು ಪ್ರಾಜೆಕ್ಟ್ ಮ್ಯಾನೇಜರ್‌ನ ಕೆಲಸ. ಬಹಳ ಕಡೆ ಈ ಪಟ್ಟಿಯನ್ನು ಒಮ್ಮೆ ಬರೆದು ಕಡತಕ್ಕೆ ಸೇರಿಸಲಾಗುತ್ತದೆ.

ಕೆಟ್ಟ ಸುದ್ದಿಯನ್ನು ಬೇಗ ತರುವವನು

ಯೋಜನೆಗಳು ಒಂದೇ ದಿನ ವರ್ಷ ತಡವಾಗುವುದಿಲ್ಲ. ದಿನಕ್ಕೊಂದು ದಿನದಂತೆ ತಡವಾಗುತ್ತವೆ. ಆ ಮೊದಲ ದಿನದ ಸುದ್ದಿ ಸಿಮೆಂಟ್ ಹೊರುವವನಿಗೆ ಗೊತ್ತಿರುತ್ತದೆ, ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ. ನಡುವಿನ ಪ್ರತಿ ಮೆಟ್ಟಿಲಿನಲ್ಲಿಯೂ ಸುದ್ದಿ ಸ್ವಲ್ಪ ಸ್ವಲ್ಪ ಸಿಹಿಯಾಗುತ್ತಾ ಮೇಲೇರುತ್ತದೆ. ವಾರದ ವರದಿಯಲ್ಲಿ ಹಸಿರು ಬಣ್ಣವಿದ್ದು, ಒಳಗೆ ಕೆಲಸ ಕೆಂಪಾಗಿರುವ ಯೋಜನೆಗಳನ್ನು ಸಾಫ್ಟ್‌ವೇರ್ ವಲಯದಲ್ಲಿ 'ಕಲ್ಲಂಗಡಿ' ಎಂದು ಲೇವಡಿ ಮಾಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ಈ ಹುದ್ದೆಯ ತಿರುಳು ಇಲ್ಲಿದೆ: ಸರಿಪಡಿಸಲು ಇನ್ನೂ ಸಮಯವಿರುವಾಗಲೇ ಕೆಟ್ಟ ಸುದ್ದಿಯನ್ನು ಪತ್ತೆಹಚ್ಚಿ, ಬದಲಿಸದೆ ಮೇಲಕ್ಕೆ ಒಯ್ಯುವುದು. ವೇಳಾಪಟ್ಟಿ, ಸಭೆ, ವರದಿ ಇವೆಲ್ಲ ಅದಕ್ಕೆ ಉಪಕರಣಗಳು.

ಇದಕ್ಕೆ ಪ್ರಶ್ನೆ ಕೇಳುವ ಕ್ರಮವೇ ಬೇರೆ. 'ಎಷ್ಟು ಮುಗಿದಿದೆ?' ಎಂದರೆ 'ಶೇ 90' ಎಂಬ ಉತ್ತರ ಬರುತ್ತದೆ. ಮುಂದಿನ ತಿಂಗಳೂ ಅದೇ ಉತ್ತರ. 'ಏನೇನು ಉಳಿದಿದೆ, ಯಾರಿಗಾಗಿ ಕಾಯುತ್ತಿದ್ದೀರಿ?' ಎಂದರೆ ನಿಜ ಹೊರಬೀಳುತ್ತದೆ. ತೊಂದರೆಯನ್ನು ಹೇಳಿದವನನ್ನೇ ಗದರಿಸುವ ಮ್ಯಾನೇಜರ್‌ಗೆ ಎರಡನೆಯ ಬಾರಿ ಯಾರೂ ಏನನ್ನೂ ಹೇಳುವುದಿಲ್ಲ.

ಸುದ್ದಿ ತಿಳಿದ ಮೇಲೆ ಮಾಡುವುದೇನು? ಹೆಚ್ಚು ಜನರನ್ನು ಸೇರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ. ಐಬಿಎಂ ಕಂಪನಿಯಲ್ಲಿ ಓಎಸ್/360 ತಂತ್ರಾಂಶದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಕೃತಿಯಲ್ಲಿ ಇದಕ್ಕೆ ವಿರುದ್ಧವಾದುದನ್ನು ವಾದಿಸಿದರು. ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ, ಏಕೆಂದರೆ ಹಳಬರ ಸಮಯ ಹೊಸಬರಿಗೆ ಕಲಿಸುವುದರಲ್ಲಿ ಹೋಗುತ್ತದೆ. ತಾರಸಿಯ ಕಾಂಕ್ರೀಟ್ ಕೂಡ ಹತ್ತು ಮೇಸ್ತ್ರಿಗಳು ಬಂದರೆಂದು ಬೇಗ ಗಟ್ಟಿಯಾಗದು. ಉಳಿಯುವ ದಾರಿಗಳು ಮೂರು: ಕೆಲಸದ ವ್ಯಾಪ್ತಿ ಕಡಿತ, ಅವಧಿ ವಿಸ್ತರಣೆ ಅಥವಾ ಕೆಲಸದ ಅನುಕ್ರಮ ಬದಲಾವಣೆ. ಇವುಗಳಲ್ಲಿ ಮೊದಲೆರಡನ್ನು ನಿರ್ಧರಿಸುವ ಅಧಿಕಾರ ಸಾಮಾನ್ಯವಾಗಿ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇರುವುದಿಲ್ಲ. ತಂಡದವರ ಬಡ್ತಿ, ಸಂಬಳ ಕೂಡ ಅನೇಕ ಕಂಪನಿಗಳಲ್ಲಿ ಬೇರೆ ವಿಭಾಗದ ಮುಖ್ಯಸ್ಥರ ಕೈಯಲ್ಲಿರುತ್ತದೆ. ಹೊಣೆ ಪೂರ್ಣ, ಅಧಿಕಾರ ಅಪೂರ್ಣ ಎಂಬ ಈ ಸ್ಥಿತಿಯೇ ಅವರ ನಿತ್ಯದ ಸಂಕಟ.

ಹೊಣೆ ಎಂಬ ಮಾತಿಗೆ ದೆಹಲಿ ಮೆಟ್ರೊ ಇನ್ನೊಂದು ನಿದರ್ಶನ. ಕೊಂಕಣದ ಬಳಿಕ ಶ್ರೀಧರನ್ ಅದರ ಮುಖ್ಯಸ್ಥರಾದರು. 2009ರ ಜುಲೈ 12ರಂದು ಜಮರುದ್‌ಪುರದಲ್ಲಿ ನಿರ್ಮಾಣ ಹಂತದ ಕಂಬದ ಭಾಗ ಕುಸಿದು ಕೆಲಸಗಾರರು ಮೃತಪಟ್ಟಾಗ ಅವರು ಅದೇ ದಿನ ನೈತಿಕ ಹೊಣೆ ಹೊತ್ತು ರಾಜೀನಾಮೆ ಸಲ್ಲಿಸಿದರು. ಆಗಿನ ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಅಂಗೀಕರಿಸಲಿಲ್ಲ.

ಬೇಕಾದ ಕೌಶಲ, ಪ್ರವೇಶದ ದಾರಿ

ಈ ಹುದ್ದೆಗೆ ಅಸಾಧಾರಣ ಗಣಿತ ಬೇಡ. ದಿನ, ಹಣ ಮತ್ತು ಆಳುಗಳ ಲೆಕ್ಕವನ್ನು ತಪ್ಪಿಲ್ಲದೆ ಇಡುವ ಶಿಸ್ತು ಬೇಕು. ಕರಾರುಪತ್ರವನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಅತ್ಯಗತ್ಯ, ಏಕೆಂದರೆ ವಿವಾದಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ. ಒಂದು ಪುಟದಲ್ಲಿ ಸ್ಪಷ್ಟವಾಗಿ ಬರೆಯಲು ಬರಬೇಕು. ನಿರ್ಮಾಣ ಸ್ಥಳಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲಿಯೂ ವ್ಯವಹರಿಸುವವರಿಗೆ ಹೆಚ್ಚಿನ ಅನುಕೂಲ. ತಾಂತ್ರಿಕ ಜ್ಞಾನ ಎಷ್ಟಿರಬೇಕೆಂಬುದು ಚರ್ಚಾಸ್ಪದ. ಸುರಂಗ ಕೊರೆಯುವುದು ತಿಳಿದಿರಲೇಬೇಕೆಂದಿಲ್ಲ, ಆದರೆ ಕೊರೆಯುವವನು ನೀಡಿದ ದಿನಾಂಕ ನಂಬಲರ್ಹವೇ ಎಂದು ಅಳೆಯುವಷ್ಟು ಅರಿವಿಲ್ಲದಿದ್ದರೆ ಆಟ ನಡೆಯದು.

ಸಾಫ್ಟ್‌ವೇರ್ ವಲಯದಲ್ಲಿ ಚಿತ್ರ ತುಸು ಬದಲಾಗಿದೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ತಂತ್ರಜ್ಞರು 'ಅಜೈಲ್' ಪ್ರಣಾಳಿಕೆಯನ್ನು ಪ್ರಕಟಿಸಿದ ಬಳಿಕ, ಇಡೀ ಯೋಜನೆಯನ್ನು ಮೊದಲೇ ಬರೆದಿಡುವ ಬದಲು ಕೆಲವೇ ವಾರಗಳ ಕಂತುಗಳಲ್ಲಿ ಕೆಲಸ ಮಾಡುವ ಪದ್ಧತಿ ಹರಡಿತು. ಅದರ ಜನಪ್ರಿಯ ರೂಪವಾದ 'ಸ್ಕ್ರಮ್'ನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹೆಸರೇ ಇಲ್ಲ. ಆ ಕೆಲಸ ಪ್ರಾಡಕ್ಟ್ ಓನರ್, ಸ್ಕ್ರಮ್ ಮಾಸ್ಟರ್ ಹಾಗೂ ತಂಡದ ನಡುವೆ ಹಂಚಿಹೋಗಿದೆ.

ಪದವಿ ಮುಗಿಸಿದ ಕೂಡಲೇ ಈ ಹುದ್ದೆ ದೊರೆಯುವುದು ವಿರಳ. ಸೈಟ್ ಇಂಜಿನಿಯರ್, ಪ್ಲಾನಿಂಗ್ ಇಂಜಿನಿಯರ್, ತಂಡದ ನಾಯಕ, ಪ್ರಾಜೆಕ್ಟ್ ಕೋಆರ್ಡಿನೇಟರ್ ಇವು ಸಾಮಾನ್ಯ ಮೆಟ್ಟಿಲುಗಳು. 1969ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಿಂದ ನೀಡುತ್ತಿರುವ ಪಿಎಂಪಿ ಪ್ರಮಾಣಪತ್ರಕ್ಕೆ ಹೆಚ್ಚು ಮನ್ನಣೆ ಇದೆ. ಅದರ ಪರೀಕ್ಷೆಗೆ ಯೋಜನೆಗಳನ್ನು ಮುನ್ನಡೆಸಿದ ಅನುಭವ ಕಡ್ಡಾಯ. ಅನುಭವವಿಲ್ಲದವರಿಗೆ ಅದೇ ಸಂಸ್ಥೆಯ ಸಿಎಪಿಎಂ ಇದೆ. ಬ್ರಿಟನ್ ಮೂಲದ ಪ್ರಿನ್ಸ್2 ಯುರೋಪಿನ ಗ್ರಾಹಕರಿರುವ ಕಂಪನಿಗಳಲ್ಲಿ ಉಪಯುಕ್ತ. ನಿರ್ಮಾಣ ಕ್ಷೇತ್ರದಲ್ಲಿ ಆಸಕ್ತಿಯುಳ್ಳವರಿಗೆ ಪುಣೆಯ ನಿಕ್ಮಾರ್ ಪರಿಚಿತ ಹೆಸರು. ತಂತ್ರಾಂಶಗಳ ಪೈಕಿ ನಿರ್ಮಾಣ ಕ್ಷೇತ್ರದಲ್ಲಿ ಪ್ರೈಮಾವೆರಾ ಹಾಗೂ ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಜಿರಾ ಹೆಚ್ಚು ಬಳಕೆಯಲ್ಲಿವೆ. ಇವುಗಳನ್ನು ಕಲಿಯಲು ಕೆಲವು ವಾರಗಳು ಸಾಕು. ಶುಲ್ಕ ತೆತ್ತು ತರಬೇತಿಗೆ ಸೇರುವ ಮುನ್ನ, ತಾವು ಬಯಸುವ ಕ್ಷೇತ್ರದ ಜಾಹೀರಾತುಗಳು ಯಾವ ಪ್ರಮಾಣಪತ್ರವನ್ನು ಕೇಳುತ್ತವೆಂದು ಅಭ್ಯರ್ಥಿಗಳು ನೋಡಿಕೊಳ್ಳುವುದು ಒಳಿತು.