ಕೆವಿಎಂ ಓವರ್ ಐಪಿ

ಕೆವಿಎಂ ಓವರ್ ಐಪಿ ಎಂಬುದು ಗಣಕಯಂತ್ರವನ್ನು ಜಾಲದ ಮೂಲಕ ದೂರದಿಂದ ನಿಯಂತ್ರಿಸಲು ಬಳಸುವ ಯಂತ್ರಾಂಶ ಸಾಧನ. ಕೀಬೋರ್ಡ್, ವಿಡಿಯೊ ಮತ್ತು ಮೌಸ್ ಎಂಬ ಪದಗಳ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿದೆ. ವಿಎನ್‌ಸಿಯಂತಹ ತಂತ್ರಾಂಶಗಳು ಕಾರ್ಯನಿರ್ವಹಣ ವ್ಯವಸ್ಥೆ ಚಾಲನೆಯಲ್ಲಿರುವಾಗ ಮಾತ್ರ ಕೆಲಸ ಮಾಡುತ್ತವೆ. ಈ ಸಾಧನವು ಗಣಕದ ಹೊರಗಿರುವುದರಿಂದ ಬಯಾಸ್ ಪರದೆಯನ್ನೂ ದೂರದಲ್ಲಿರುವವರಿಗೆ ತೋರಿಸುತ್ತದೆ.

ಕಾರ್ಯವಿಧಾನ

ಸಾಧನವು ಗಣಕದ ವಿಡಿಯೊ ಸಂಕೇತವನ್ನು ಸೆರೆಹಿಡಿದು, ಸಂಕುಚಿಸಿ, ಜಾಲಕ್ಕೆ ಕಳುಹಿಸುತ್ತದೆ. ಗಣಕದ ಯುಎಸ್‌ಬಿ ಕಿಂಡಿಗೆ ತಾನೇ ಕೀಬೋರ್ಡ್ ಮತ್ತು ಮೌಸ್ ಎಂಬಂತೆ ಗೋಚರಿಸುತ್ತದೆ. 1920×1080 ಚುಕ್ಕೆಗಳ, 24 ಬಿಟ್ ಬಣ್ಣದ, ಸೆಕೆಂಡಿಗೆ 60 ಚೌಕಟ್ಟುಗಳ ದೃಶ್ಯಕ್ಕೆ ಸಂಕುಚನವಿಲ್ಲದೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಬೇಕಾಗುವುದರಿಂದ ಎಚ್.264ರಂತಹ ಸಂಕುಚನ ವಿಧಾನಗಳು ಅನಿವಾರ್ಯ. ರಾಸ್ಪ್‌ಬೆರಿ ಪೈ ಆಧಾರಿತ 'ಪೈಕೆವಿಎಂ' ಈ ಬಗೆಯ ಮುಕ್ತ ಆಕರ ಯೋಜನೆಯಾಗಿದೆ.

ದೂರದ ಕಚೇರಿಗಳಲ್ಲಿ ಮಹತ್ವ

ಕರ್ನಾಟಕ ರಾಜ್ಯ ವಿಶಾಲ ಪ್ರದೇಶ ಜಾಲವು (ಕೆಸ್ವಾನ್) ರಾಜಧಾನಿಯನ್ನು ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಚೇರಿಗಳೊಂದಿಗೆ ಜೋಡಿಸುತ್ತದೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳಂತಹ ತಾಲ್ಲೂಕು ಕೇಂದ್ರಗಳು ಬೆಂಗಳೂರಿನಿಂದ 500 ಕಿ.ಮೀ.ಗೂ ಹೆಚ್ಚು ದೂರದಲ್ಲಿವೆ. ಇಷ್ಟು ದೂರದ ಊರಿನಲ್ಲಿ ಗಣಕವೊಂದು ಆರಂಭವಾಗದೆ ನಿಂತರೆ, ತಂತ್ರಜ್ಞರು ಬರುವವರೆಗೆ ಅದನ್ನು ಅವಲಂಬಿಸಿದ ಕೆಲಸ ಸ್ಥಗಿತಗೊಳ್ಳುತ್ತದೆ. ಸಾಧನವೇ ಕೈಕೊಟ್ಟರೂ ಅಲ್ಲಿಗೆ ಪ್ರಯಾಣಿಸಬೇಕಾಗುತ್ತದೆ. ಆದ್ದರಿಂದ ಅಳವಡಿಸುವ ಮೊದಲೇ ಪರೀಕ್ಷಿಸುವುದು ಅಗತ್ಯ.

ಪರೀಕ್ಷಾ ವಿಧಾನ

- ವಿಳಂಬ: ಗಣಕದ ಪರದೆಯಲ್ಲಿ ನಿಲುಗಡಿಯಾರ ಓಡಿಸಿ, ಆ ಪರದೆ ಮತ್ತು ದೂರನಿಯಂತ್ರಣ ಪರದೆ ಎರಡನ್ನೂ ಒಂದೇ ಛಾಯಾಚಿತ್ರದಲ್ಲಿ ಸೆರೆಹಿಡಿದರೆ, ಸಮಯಗಳ ಅಂತರವೇ ದೃಶ್ಯದ ವಿಳಂಬ.
- ದುರ್ಬಲ ಜಾಲ: ಲಿನಕ್ಸ್‌ನ 'ನೆಟೆಮ್' ಸೌಲಭ್ಯದಿಂದ ಕೃತಕವಾಗಿ ವಿಳಂಬ ಮತ್ತು ಪ್ಯಾಕೆಟ್ ನಷ್ಟ ಉಂಟುಮಾಡಿ ವರ್ತನೆಯನ್ನು ಗಮನಿಸಲಾಗುತ್ತದೆ.
- ವಿದ್ಯುತ್ ಕಡಿತ: ವಿದ್ಯುತ್ ಮರಳಿದಾಗ ಸಾಧನವು ಯಾರ ನೆರವೂ ಇಲ್ಲದೆ ಜಾಲಕ್ಕೆ ಸೇರಬೇಕು.
- ಕೀಲಿಮಣೆ: ಸಾಧನವು ಅಕ್ಷರಗಳನ್ನಲ್ಲ, ಕೀಲಿಗಳ ಸಂಕೇತಗಳನ್ನು ಕಳುಹಿಸುತ್ತದೆ. ಹೀಗಾಗಿ ಕನ್ನಡ ಬೆರಳಚ್ಚಿಗೆ ನುಡಿಯಂತಹ ತಂತ್ರಾಂಶ ನಿಯಂತ್ರಿತ ಗಣಕದಲ್ಲೇ ಇರಬೇಕು.

ಸುರಕ್ಷತೆ

ಸಾಧನದ ಗುಪ್ತಪದ ಪರರ ಕೈಸೇರಿದರೆ, ಅವರು ಗಣಕದ ಮುಂದೆಯೇ ಕುಳಿತಂತಾಗುತ್ತದೆ. ಸರ್ವರ್‌ಗಳ ದೂರನಿರ್ವಹಣೆಗೆ ಬಳಸುವ ಐಪಿಎಂಐ ಮಾನಕದ ಅಪಾಯಗಳ ಬಗ್ಗೆ ಅಮೆರಿಕದ ಯುಎಸ್-ಸರ್ಟ್ 2013ರಲ್ಲಿ ಎಚ್ಚರಿಕೆ ನೀಡಿತ್ತು. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸುವುದು, ಸಾಧನವನ್ನು ಸಾರ್ವಜನಿಕ ಅಂತರಜಾಲಕ್ಕೆ ನೇರವಾಗಿ ತೆರೆದಿಡದೆ ವಿಪಿಎನ್ ಮೂಲಕ ಬಳಸುವುದು ಸಾಮಾನ್ಯ ಮುನ್ನೆಚ್ಚರಿಕೆಗಳು. ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೆಯ ಕಲಮುಗಳ ಪ್ರಕಾರ, ಅನುಮತಿಯಿಲ್ಲದೆ ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಇತರರ ಗಣಕವನ್ನು ಪ್ರವೇಶಿಸುವುದು ಅಪರಾಧ. ಇದಕ್ಕೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಪರೀಕ್ಷೆಗೂ ಗಣಕದ ಒಡೆಯರ ಒಪ್ಪಿಗೆ ಅವಶ್ಯಕ.