ಮಣ್ಣಿನ ಮಸೀದಿಯ ಬಿರುಕುಗಳು

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಜೆನ್ನೆ ಪಟ್ಟಣದ ಜಾಮಿಯಾ ಮಸೀದಿಯನ್ನು ಕಟ್ಟಿರುವುದು ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯಿಂದ. ಮೇಲೆ ಮಣ್ಣಿನದೇ ಗಿಲಾವು. ಜೇಡಿಮಣ್ಣು ಒಣಗುತ್ತಾ ಕುಗ್ಗುತ್ತದೆ, ಬಿರಿಯುತ್ತದೆ. ಬಿರುಕಿಗೆ ಮಳೆನೀರು ಇಳಿದರೆ ಗೋಡೆಯೇ ಕರಗುತ್ತದೆ. ಅದಕ್ಕೇ ಅಲ್ಲಿನ ಗಾರೆಯವರು ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ದಿನಗಟ್ಟಲೆ ಕೊಳೆಹಾಕುತ್ತಾರೆ. ಮಳೆಗಾಲಕ್ಕೆ ಮುಂಚೆ ಊರಿಗೆ ಊರೇ ಸೇರಿ ಹೊಸ ಪದರ ಮೆತ್ತುತ್ತದೆ. ಹೆಂಗಸರು ನೀರು ಹೊರುತ್ತಾರೆ, ಯುವಕರು ಗೋಡೆಯಿಂದ ಚಾಚಿಕೊಂಡ ತಾಳೆಮರದ ತುಂಡುಗಳನ್ನು ಏರುತ್ತಾರೆ.

ಆ ಕೈಗಳು ನಿಂತರೆ ಏನಾಗುತ್ತದೆಂಬುದಕ್ಕೆ ಇತಿಹಾಸವೇ ಸಾಕ್ಷಿ. 19ನೇ ಶತಮಾನದ ಆರಂಭದಲ್ಲಿ ಜೆನ್ನೆಯನ್ನು ಗೆದ್ದ ಸೇಕು ಅಹ್ಮದು ಹಳೆಯ ಮಸೀದಿಯನ್ನು ಒಪ್ಪದೆ ಪಾಳುಬಿಟ್ಟರು. 1828ರಲ್ಲಿ ಫ್ರೆಂಚ್ ಪ್ರವಾಸಿ ರೆನೆ ಕಾಯ್ಯೆ ಬಂದಾಗ ಅಲ್ಲಿ ಕವಲುತೋಕೆ ಹಕ್ಕಿಗಳು ಗೂಡು ಕಟ್ಟಿದ್ದವು. ಯಾರೂ ಕೆಡವಬೇಕಾಗಲಿಲ್ಲ, ಮಳೆಯೇ ಸಾಕಾಯಿತು.

1907ರಲ್ಲಿ ಅದೇ ಜಾಗದಲ್ಲಿ ಮಸೀದಿ ಮತ್ತೆ ಎದ್ದಿತು. 2009ರ ನವೆಂಬರಿನಲ್ಲಿ ಅಕಾಲದ ಭಾರೀ ಮಳೆಗೆ ಒಂದು ಗೋಪುರದ ಮೇಲ್ಭಾಗ ಕುಸಿಯಿತು. ಅದನ್ನೂ ಮರಳಿ ಕಟ್ಟಿದರು.

ಮಸೀದಿ ಕಟ್ಟಲು ನಾವು ಉತ್ಸಾಹದಿಂದ ಚಂದಾ ಕೂಡಿಸುತ್ತೇವೆ. ಕಟ್ಟಿದ ಮೇಲೆ ಬಿರುಕು ನೋಡಲು, ಗೋಡೆಯದಿರಲಿ ಜಮಾಅತಿನದಿರಲಿ, ನಮ್ಮಲ್ಲಿ ಎಷ್ಟು ಮಂದಿ ಮಣ್ಣಿಗೆ ಕೈ ಹಾಕುತ್ತೇವೆ?