ಹಲ್ಲಿನಿಂದ ಹೆಸರು ಪಡೆದ ಪ್ರಾಣಿ

ಹಳಗನ್ನಡದ 'ಪಲ್' ಇಂದು ನಮ್ಮ ಬಾಯಲ್ಲಿ 'ಹಲ್ಲು'. ತಮಿಳು ಮತ್ತು ಗೋಂಡಿಯ 'ಪಲ್', ತೆಲುಗಿನ 'ಪಲ್ಲು', ಜಾರ್ಖಂಡದ ಕುಡುಖ್ ಭಾಷೆಯ 'ಪಲ್ಲ್' ಇದರ ಒಡಹುಟ್ಟುಗಳು. ಈ ಪುಟ್ಟ ಪದ ಆನೆಯ ದಂತದ ಜೊತೆ ಪಶ್ಚಿಮ ಏಷ್ಯಾದವರೆಗೂ ಹೋಗಿತ್ತೆಂದು 2021ರಲ್ಲಿ ಸಂಶೋಧಕಿ ಬಹತಾ ಅಂಶುಮಾಲಿ ಮುಖೋಪಾಧ್ಯಾಯ ವಾದಿಸಿದರು. ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯಲ್ಲಿ ಆನೆ 'ಪೀರು'. ಸೂಸಾದಲ್ಲಿ ಸಿಕ್ಕ ಪಾರಸಿ ದೊರೆ ಡೇರಿಯಸ್‌ನ ಶಾಸನದಲ್ಲಿ ದಂತಕ್ಕೆ 'ಪಿರು' ಎಂದೇ ಇದೆ. ಸಂಸ್ಕೃತದ ಪೀಲು, ಪಾರಸಿಯ ಪೀಲ್, ಅರಬಿಯ ಫೀಲ್ ಇದೇ ಬಳಗದವು. ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ಕೊಡುವ ಮರದ ಹೆಸರೂ ಪೀಲು! ಇವೆಲ್ಲದರ ಬೇರು ದ್ರಾವಿಡದ ಹಲ್ಲು ಎಂಬುದು ಅವರ ವಾದ.

ಎಲ್ಲರೂ ಒಪ್ಪಿದ ಮಾತಲ್ಲ ಇದು. ನನಗೆ ಮಾತ್ರ ಸಹಜವೆನಿಸುತ್ತದೆ. ದಂತಿ, ದ್ವಿರದ ಎಂದು ಆನೆಯನ್ನು ಹಲ್ಲಿನಿಂದಲೇ ಕರೆದ ನಾಡಲ್ಲವೇ ನಮ್ಮದು?

ಅಳಿದುಹೋದ ಆನೆಗಳಿಗೆ ವಿಜ್ಞಾನಿಗಳು ಹೆಸರಿಟ್ಟದ್ದೂ ಹೀಗೆಯೇ. ಸ್ಟೆಗೊಡಾನ್ ಎಂದರೆ ಮಾಡಿನಂಥ ಹಲ್ಲಿನದು; ಪೇಲಿಯೊಲಾಕ್ಸೊಡಾನ್ ಎಂದರೆ ಪ್ರಾಚೀನ ಓರೆಹಲ್ಲಿನದು. ಕಾರಣವಿದೆ: ಮೂಳೆ ಕರಗಿದರೂ ಹಲ್ಲಿನ ಹೊರಕವಚ ಉಳಿಯುತ್ತದೆ, ಅದರ ಮೇಲಿನ ಏಣುಗಳನ್ನು ಎಣಿಸಿ ಜಾತಿ ಹೇಳಬಹುದು. ಪಳೆಯುಳಿಕೆ ತಜ್ಞರಾದ ಫಾಲ್ಕನರ್ ಮತ್ತು ಕಾಟ್ಲಿ 1846ರಲ್ಲಿ ನರ್ಮದೆಯ ಹೆಸರಿಟ್ಟ, ಪೇಲಿಯೊಲಾಕ್ಸೊಡಾನ್ ಕುಲದ 'ನಮಾದಿಕಸ್' ನಮ್ಮ ದಖ್ಖನ್‌ನಲ್ಲೂ ಓಡಾಡಿದ ಆನೆ. ಗೋದಾವರಿಯ ಮೆಕ್ಕಲಿನಲ್ಲಿ ಅದು ಸಿಕ್ಕಿದ್ದನ್ನು ಭೂವಿಜ್ಞಾನಿ ಪಿಲ್‌ಗ್ರಿಮ್ 1905ರಲ್ಲಿ ವರದಿ ಮಾಡಿದ. ಇದರ ದಾಯಾದಿಗಳು ಯುರೋಪಿನಲ್ಲಿದ್ದವು, ಜಪಾನಿನಲ್ಲಿದ್ದವು. ಸಿಸಿಲಿ ದ್ವೀಪದಲ್ಲಿ ಕುಗ್ಗಿ ಮೀಟರ್ ಎತ್ತರಕ್ಕೆ ಇಳಿದಿದ್ದವು.

ನಿಲಂಗಾ, ಉದಗೀರ್ ಇರುವ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ ಮಾಂಜ್ರಾ ನದಿಯ ಹಳೆಯ ಗರಸು ಪದರುಗಳಿಂದ ಆನೆ, ನೀರಾನೆಗಳ ಪಳೆಯುಳಿಕೆಗಳು ಸಿಕ್ಕಿವೆ. ಅದೇ ಜಿಲ್ಲೆಯ ಹರವಾಡಿಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು ಅವನ್ನು ಅಧ್ಯಯನ ಮಾಡಿದ್ದಾರೆ. ಅದೇ ಮಾಂಜ್ರಾ ಮುಂದೆ ಬೀದರ್‌ಗೆ ಬರುತ್ತದೆ. ಇನ್ನೂ ತೆಂಕಣಕ್ಕೆ, ಸುರಪುರ ಸೀಮೆಯ ಹುಣಸಗಿ–ಬೈಚಬಾಳ ಕಣಿವೆಯ ಸದಬದಲ್ಲಿ ಸಿಕ್ಕ ಆನೆಯ ದವಡೆಹಲ್ಲಿಗೆ ಯುರೇನಿಯಂ ಕಾಲನಿರ್ಣಯ ವಿಧಾನ ಸುಮಾರು 2.9 ಲಕ್ಷ ವರ್ಷ ವಯಸ್ಸು ಹೇಳಿತು. ಆ ಬಯಲಿನ ಹಳೆ ಶಿಲಾಯುಗದ ಕೈಗೊಡಲಿ ಸಂಸ್ಕೃತಿಯ ಕಾಲ ತಿಳಿಯಲು ಇಂಥ ಹಲ್ಲುಗಳೂ ಆಧಾರವಾದವು.

ಉಸುಕು ತೆಗೆಯುವಾಗ, ಬಾವಿ ತೋಡುವಾಗ ಬೀಸುಕಲ್ಲಿನ ಹಾಗೆ ಸಾಲುಗೆರೆಗಳಿರುವ ಭಾರವಾದ ಕಲ್ಲು ಕಂಡರೆ ಒಡೆಯಬೇಡಿ, ಕದಲಿಸಲೂಬೇಡಿ; ಅದು ಆನೆಯ ಹಲ್ಲಾಗಿರಬಹುದು. ಇದ್ದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಸಿಕ್ಕ ಪದರು ಗೊತ್ತಿದ್ದರೆ ಹಲ್ಲಿನ ಕಾಲವನ್ನು ಹೆಚ್ಚು ಭರವಸೆಯಿಂದ ಹೇಳಬಹುದು.